ಟರ್ಬೋ ಒಂದು ಸಾಕೇ, ಎರಡು ಬೇಕೇ?

ಶಿರಾಳಕೊಪ್ಪದ ರಸ್ತೆಯಲ್ಲಿ ಓಡಾಡುವ ಲಾರಿಗಳ ಮೇಲೆ 'ಟರ್ಬೋ' ಎಂಬ ಬರಹ ಕಾಣದವರು ವಿರಳ. ಎಂಜಿನ್ ಉಗುಳುವ ಹೊಗೆಯ ರಭಸದಿಂದಲೇ ಪುಟ್ಟ ಚಕ್ರವೊಂದನ್ನು ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯವದು. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ಹೆಚ್ಚುಕಡಿಮೆ ಒಂದೇ ಹದದಲ್ಲಿ ದುಡಿಯುವ ಲಾರಿ ಎಂಜಿನ್ನಿಗೆ ಸಾಮಾನ್ಯವಾಗಿ ಒಂದು ಟರ್ಬೋ ಸಾಕು. ಸ್ಪೋರ್ಟ್ಸ್ ಕಾರಿನ ಪಾಡು ಬೇರೆ. 1975ರಲ್ಲಿ ಮಾರುಕಟ್ಟೆಗೆ ಬಂದ ಪೋರ್ಷೆ 911 ಟರ್ಬೋದಲ್ಲಿದ್ದುದು ಒಂದೇ ದೊಡ್ಡ ಟರ್ಬೋ. ಆಕ್ಸಿಲರೇಟರ್ ಒತ್ತಿದರೂ ಆ ಚಕ್ರ ವೇಗ ಪಡೆಯುವತನಕ ಕಾರು ಮಂಕಾಗಿರುತ್ತಿತ್ತು; ಆಮೇಲೆ ಒಮ್ಮೆಲೇ ನುಗ್ಗುತ್ತಿತ್ತು. ತಿರುವಿನ ನಡುವೆ ಹೀಗಾದರೆ, ಹಿಂಬದಿಯಲ್ಲಿ ಎಂಜಿನ್ ಹೊತ್ತ ಆ ಕಾರು ಜಾರಿ ಗಿರಕಿ ಹೊಡೆಯುವ ಅಪಾಯವಿತ್ತು. 'ವಿಧವೆಯರನ್ನು ಮಾಡುವ ಕಾರು' ಎಂಬ ಅಡ್ಡಹೆಸರು ಸುಮ್ಮನೆ ಬರಲಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ನೆನೆದರೆ ಇದರ ಅರ್ಥ ತಾನೇ ಹೊಳೆಯುತ್ತದೆ.

ಚಿಕ್ಕ ಚಕ್ರ ಹಗುರ, ಬೇಗ ತಿರುಗುತ್ತದೆ. ಇಟಲಿಯ ಮಸೆರಾಟಿ 1981ರ 'ಬೈಟರ್ಬೋ' ಕಾರಿನಲ್ಲಿ 'ವಿ' ಆಕಾರದ ಎಂಜಿನ್ನಿನ ಎರಡೂ ಮಗ್ಗುಲಿಗೆ ಒಂದೊಂದು ಚಿಕ್ಕ ಟರ್ಬೋ ಕೂರಿಸಿತು. ಪೋರ್ಷೆ 959ರಲ್ಲಿ (1986) ಇನ್ನೊಂದು ಜಾಣತನ: ಮೊದಲು ಒಂದು ಟರ್ಬೋ ದುಡಿಯುತ್ತದೆ, ವೇಗ ಏರಿದ ಮೇಲೆ ಎರಡನೆಯದು ಜತೆಗೂಡುತ್ತದೆ. ಜಪಾನಿನ ಟೊಯೊಟಾ 1993ರ ಸುಪ್ರಾದಲ್ಲಿ ಇದೇ ದಾರಿ ಹಿಡಿಯಿತು.

ಆದರೆ ಕೊಳವೆ, ಕವಾಟಗಳ ಗೋಜಲು ಹೆಚ್ಚಿತು. ಮೋಜಿನ ಸಂಗತಿಯೆಂದರೆ, ಇನ್ನಷ್ಟು ಶಕ್ತಿ ಬಯಸಿದ ಅನೇಕ ಸುಪ್ರಾ ಮಾಲೀಕರು ಎರಡನ್ನೂ ಕಿತ್ತು ಒಂದು ದೊಡ್ಡ ಟರ್ಬೋವನ್ನೇ ಹಾಕಿಸಿಕೊಂಡರು! 2006ರಲ್ಲಿ ಜೋಡಿ ಟರ್ಬೋ ತಂದ ಬಿಎಂಡಬ್ಲ್ಯು ಕೂಡ 2009ರಲ್ಲಿ, ಹೊಗೆಯನ್ನು ಎರಡು ಕವಲಿನಲ್ಲಿ ಬರಮಾಡಿಕೊಳ್ಳುವ ಒಂಟಿ ಟರ್ಬೋಗೆ ಮರಳಿತು.