ಗೇಮ್‌ನಲ್ಲಿರುವಂತೆ ಬೇರೆ ಗ್ರಹದಲ್ಲಿ ಸಂಪನ್ಮೂಲ ಸಂಗ್ರಹಿಸುವುದು ಸುಲಭವೇ?

2016ರಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ ವಿಡಿಯೊ ಗೇಮ್‌ನಲ್ಲಿ ಆಟಗಾರರು ಗ್ರಹದಿಂದ ಗ್ರಹಕ್ಕೆ ಹಾರುತ್ತಾರೆ. ಕೈಯಲ್ಲಿರುವ ಉಪಕರಣದಿಂದ ಕಿರಣ ಹಾಯಿಸಿದರೆ ಸಾಕು, ಗಿಡದಿಂದ ಇಂಗಾಲ, ಬಂಡೆಯಿಂದ ಫೆರೈಟ್ ಪುಡಿ ಕ್ಷಣಗಳಲ್ಲಿ ಸಿಗುತ್ತವೆ. ನಿಜವಾದ ಗ್ರಹದಲ್ಲೂ ಇದು ಸಾಧ್ಯವೇ?

ಸಾಧ್ಯ, ಆದರೆ ಇಷ್ಟು ಸುಲಭವಲ್ಲ. ಬೇರೊಂದು ಗ್ರಹದಲ್ಲಿ ಮೊದಲ ಬಾರಿಗೆ ಆಮ್ಲಜನಕ ತಯಾರಿಸಿದ್ದು ನಾಸಾದ ‘ಮಾಕ್ಸಿ’ ಉಪಕರಣ. ಪರ್ಸಿವಿಯರೆನ್ಸ್ ರೋವರ್‌ನಲ್ಲಿರುವ ಇದು ಮಂಗಳದ ಗಾಳಿಯನ್ನು ಹೀರಿಕೊಂಡು, ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ವಿದ್ಯುತ್ತಿನಿಂದ ಒಡೆಯುತ್ತಿತ್ತು. 2021ರಿಂದ 2023ರವರೆಗೆ 16 ಬಾರಿ ನಡೆಸಿದಾಗ ಸಿಕ್ಕಿದ್ದು ಒಟ್ಟು 122 ಗ್ರಾಂ ಆಮ್ಲಜನಕ. ಒಬ್ಬ ಗಗನಯಾನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ನಾವು ಲೆಕ್ಕ ಹಾಕಿದರೆ, ಅಷ್ಟೂ ಸೇರಿ ಅವರ ಮೂರೂವರೆ ಗಂಟೆಯ ಉಸಿರಿಗೆ ಸಾಕಾಗುತ್ತದೆ!

ಹಾಗೆಂದು ಇದು ಸೋಲಲ್ಲ. ಮಾಕ್ಸಿ ಕೇವಲ ಪುಟ್ಟ ಪ್ರಯೋಗವಾಗಿತ್ತು. ಎಲ್ಲವನ್ನೂ ಭೂಮಿಯಿಂದ ಹೊತ್ತೊಯ್ಯದೆ ಅಲ್ಲಿರುವುದನ್ನೇ ಬಳಸಬೇಕು ಎಂಬ ಗೇಮ್‌ನ ಕಲ್ಪನೆ ಸರಿಯಾಗಿಯೇ ಇದೆ. ಗೇಮ್‌ನಲ್ಲಿ ಕಾಣದಿರುವುದು ಪ್ರತಿ ಗ್ರಾಂಗೂ ತಗಲುವ ಶಾಖ, ವಿದ್ಯುತ್ ಮತ್ತು ಸಮಯ.