ಪ್ರಾಸ್ಟೇಟ್ ಉರಿಯೂತಕ್ಕೆ ಸಸ್ಯೌಷಧ: ಒಂದು ಚಾರಿತ್ರಿಕ ಪರಿಶೀಲನೆ

ಪೀಠಿಕೆ

ಗಂಡಸರ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಗೆ ಬರುವ ತೊಂದರೆಗಳಲ್ಲಿ ಎರಡು ಮುಖ್ಯ. ವಯಸ್ಸಾದಂತೆ ಗ್ರಂಥಿ ದಪ್ಪವಾಗಿ ಮೂತ್ರ ಸಲೀಸಾಗಿ ಹೋಗದಿರುವುದು ಒಂದು. ಉರಿಯೂತವಾಗಿ ಕಿಬ್ಬೊಟ್ಟೆಯ ಕೆಳಭಾಗ, ತೊಡೆಸಂದುಗಳಲ್ಲಿ ನೋವು ಕಾಣಿಸುವುದು ಇನ್ನೊಂದು. ಸಸ್ಯೌಷಧಗಳ ಚರಿತ್ರೆಯಲ್ಲಿ ಇವೆರಡನ್ನೂ ಬಹುಕಾಲ ಒಂದೇ ಎಂಬಂತೆ ನೋಡಲಾಯಿತು. ಈ ಬೆರಕೆಯನ್ನು ಬಿಡಿಸಿದ ಮೇಲಷ್ಟೇ ಯಾವ ಮದ್ದು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಸಾಧ್ಯವಾಯಿತು ಎಂಬುದೇ ಈ ಲೇಖನದ ಪ್ರತಿಪಾದನೆ.

ಹಣ್ಣು ಮತ್ತು ತೊಗಟೆ

ಅಮೆರಿಕದ ಫ್ಲಾರಿಡಾ, ಜಾರ್ಜಿಯಾ ಸೀಮೆಯಲ್ಲಿ ಬೆಳೆಯುವ ಗಿಡ್ಡ ತಾಳೆ ಸಾ ಪಾಮೆಟೊ. ಮೂಲನಿವಾಸಿಗಳಿಗೆ ಇದರ ಹಣ್ಣು ಆಹಾರವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿನ ವೈದ್ಯರು ಅದನ್ನು ಮೂತ್ರದ ತೊಂದರೆಗೆ ಕೊಡತೊಡಗಿದರು. 1906ರಲ್ಲಿ ಅದು ಅಮೆರಿಕದ ಅಧಿಕೃತ ಔಷಧಕೋಶವನ್ನೂ ಸೇರಿತು. ಮುಂದೆ ಅಲ್ಲಿ ಅದರ ಬಳಕೆ ತಗ್ಗಿದರೂ ಯೂರೋಪಿನಲ್ಲಿ ಹಣ್ಣಿನ ಕೊಬ್ಬಿನಾಮ್ಲಗಳ ಸಾರ ಮತ್ತೆ ಚಾಲ್ತಿಗೆ ಬಂತು.

ಆಫ್ರಿಕಾದ ಬೆಟ್ಟಗಾಡುಗಳ ಪೈಜಿಯಮ್ ಮರದ್ದು ಬೇರೆಯೇ ಕಥೆ. 1960ರ ದಶಕದಲ್ಲಿ ಫ್ರಾನ್ಸಿನ ಜಾಕ್ ಡೆಬಾ ಇದರ ತೊಗಟೆಯ ಸಾರಕ್ಕೆ ಪೇಟೆಂಟ್ ಪಡೆದ ಮೇಲೆ ಕ್ಯಾಮರೂನ್ ಮೊದಲಾದ ಕಡೆಗಳಿಂದ ತೊಗಟೆ ರಾಶಿರಾಶಿಯಾಗಿ ಯೂರೋಪಿಗೆ ಹೋಯಿತು. ಕಾಂಡದ ಎದುರುಬದುರು ಭಾಗಗಳಿಂದ ಮಾತ್ರ ಪಟ್ಟಿಯಂತೆ ಸುಲಿದರೆ ತೊಗಟೆ ಮತ್ತೆ ಕೂಡಿಕೊಂಡು ಮರ ಉಳಿಯುತ್ತದೆ. ಸುತ್ತಲೂ ಸುಲಿದರೆ ಸಾಯುತ್ತದೆ. ಬೇಡಿಕೆಯ ಒತ್ತಡದಲ್ಲಿ ಎಷ್ಟೋ ಮರಗಳನ್ನು ಸುತ್ತಲೂ ಸುಲಿಯಲಾಯಿತು, ಕೆಲವನ್ನು ಕಡಿದೇ ಸುಲಿಯಲಾಯಿತು. ಕೊನೆಗೆ 1995ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು.

ಪರೀಕ್ಷೆಯ ಕಾಲ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪ್ರಾಸ್ಟೇಟ್ ಉರಿಯೂತವನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಸೋಂಕಿಲ್ಲದೆ ದೀರ್ಘಕಾಲ ಕಾಡುವ ನೋವು ಮೂರನೆಯ ಬಗೆ. ನೋವು, ಮೂತ್ರದ ತೊಂದರೆ, ದಿನನಿತ್ಯದ ನೆಮ್ಮದಿ ಮೂರನ್ನೂ ಅಳೆಯುವ 43 ಅಂಕಗಳ ಪ್ರಶ್ನಾವಳಿ 1999ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಡೇನಿಯಲ್ ಶೋಸ್ಕೆಸ್ ತಂಡ ಈರುಳ್ಳಿಯಲ್ಲಿ ಹೇರಳವಾಗಿರುವ ಕ್ವರ್ಸೆಟಿನ್ ಎಂಬ ಫ್ಲೇವನಾಯ್ಡನ್ನು 30 ಜನರಲ್ಲಿ ಪರೀಕ್ಷಿಸಿತು. 500 ಮಿಲಿಗ್ರಾಂ ಮಾತ್ರೆ, ದಿನಕ್ಕೆರಡು ಸಲ, ಒಂದು ತಿಂಗಳು. ಕ್ವರ್ಸೆಟಿನ್ ತೆಗೆದುಕೊಂಡವರ ಸರಾಸರಿ ಅಂಕ 21ರಿಂದ 13.1ಕ್ಕೆ ಇಳಿಯಿತು; ಹುಸಿಮದ್ದು ಪಡೆದವರದ್ದು 20.2ರಿಂದ 18.8ಕ್ಕೆ. ಸ್ವೀಡನ್ನಿನಲ್ಲಿ 1960ರ ದಶಕದಿಂದ ಬಳಕೆಯಲ್ಲಿದ್ದ ಪರಾಗಸಾರವನ್ನು 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ 139 ಜನರಲ್ಲಿ 12 ವಾರ ಪರೀಕ್ಷಿಸಿತು. ಹುಸಿಮದ್ದಿಗೆ ಹೋಲಿಸಿದರೆ ಅದರಿಂದ ನೋವು ಹೆಚ್ಚು ತಗ್ಗಿತು.

ಹೆಚ್ಚು ಹೆಸರು ಮಾಡಿದ್ದ ಸಾ ಪಾಮೆಟೊ ಮಾತ್ರ ಸೋತಿತು. 2004ರಲ್ಲಿ ಪ್ರಕಟವಾದ ಒಂದು ವರ್ಷದ ಅಧ್ಯಯನದಲ್ಲಿ ಮೂರನೆಯ ಬಗೆಯ ರೋಗಿಗಳಿಗೆ ಅದರಿಂದ ಗಣನೀಯ ಲಾಭ ಕಾಣಲಿಲ್ಲ. ಗ್ರಂಥಿ ದಪ್ಪವಾದವರ ಮೇಲೆ 2006ರಲ್ಲಿ 225, 2011ರಲ್ಲಿ 369 ಜನರ ಅಧ್ಯಯನಗಳು ಪ್ರಕಟವಾದವು. ಎರಡನೆಯದರಲ್ಲಿ ವಾಡಿಕೆಯ ಪ್ರಮಾಣದ ಮೂರು ಪಟ್ಟು ಕೊಟ್ಟರೂ ಅದು ಹುಸಿಮದ್ದನ್ನು ಮೀರಲಿಲ್ಲ.

ಉಪಸಂಹಾರ

ಹಳೆಯ ಬಳಕೆ ಸಂಶೋಧನೆಗೆ ದಾರಿ ತೋರಬಲ್ಲದು, ಪುರಾವೆಯ ಸ್ಥಾನ ತುಂಬಲಾರದು. ಪರಾಗಸಾರ, ಕ್ವರ್ಸೆಟಿನ್‌ಗಳ ಪರವಾದ ಪುರಾವೆಯೂ ಮೂರನೆಯ ಬಗೆಯ ಉರಿಯೂತಕ್ಕಷ್ಟೇ ಸೀಮಿತ, ಅದೂ ಚಿಕ್ಕ ಅಧ್ಯಯನಗಳದ್ದು. ಚಳಿಜ್ವರದೊಂದಿಗೆ ಬರುವ ಬ್ಯಾಕ್ಟೀರಿಯಾ ಸೋಂಕಿಗೆ ತಡಮಾಡದೆ ಆ್ಯಂಟಿಬಯಾಟಿಕ್ ಬೇಕು. ಅಲ್ಲಿ ಗಿಡಮೂಲಿಕೆ ನೆಚ್ಚಿ ಕೂರುವುದು ಅಪಾಯ. ಆದ್ದರಿಂದ ಮೊದಲು ರೋಗದ ಬಗೆ ಗೊತ್ತಾಗಲಿ, ಮದ್ದಿನ ಆಯ್ಕೆ ಆಮೇಲೆ. ಪೈಜಿಯಮ್ ಕಲಿಸಿದ ಪಾಠವನ್ನೂ ಜೊತೆಗೆ ಸೇರಿಸಬೇಕು: ಗುಣ ಖಚಿತವಾಗುವ ಮೊದಲೇ ಮಾರುಕಟ್ಟೆ ಬೆಳೆದರೆ ಅದರ ಬೆಲೆಯನ್ನು ಕಾಡು ತೆರಬೇಕಾಗುತ್ತದೆ.