ಉಡದಾರದಿಂದ ಮೂರು ಬಣ್ಣದ ಪಟ್ಟಿಯವರೆಗೆ: ಮಗುವಿನ ಹಸಿವು ಅಳೆದ ಕಥೆ

ಮಗುವಿನ ಉಡದಾರ ಸಡಿಲವಾದರೆ ಮೊದಲು ಗೊತ್ತಾಗುವುದು ನೀರು ಹಾಕುವ ಅಜ್ಜಿಗೆ. ‘ಯಾಕೋ ಮಗು ಇಳಿದುಹೋಗಿದೆ’ ಅನ್ನುತ್ತಾಳೆ. ಮನೆಯವರು ದೃಷ್ಟಿ ಆಗಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಇಲ್ಲವೇ ‘ಹಲ್ಲು ಬರೋ ಕಾಲ, ಹಂಗೇ’ ಅಂತ ಸುಮ್ಮನಾಗುತ್ತಾರೆ. ಅಜ್ಜಿ ಕಂಡದ್ದು ನಿಜವೇ. ಆದರೆ ಕಂಡದ್ದನ್ನು ಅಳೆದು ತೋರಿಸಲು ಆಕೆಯ ಕೈಯಲ್ಲಿ ಏನೂ ಇರಲಿಲ್ಲ.

ಈಗ ಅಂಥದೊಂದು ಸಾಧನ ಇದೆ. ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ. ಅದು ಹುಟ್ಟಿ ಬಂದ ದಾರಿ ಬಂಗಾರಪೇಟೆ, ಕೆಜಿಎಫ್ ಕಡೆಯ ನಮಗೆಲ್ಲ ಗೊತ್ತಿರಬೇಕು.

ಕಣ್ಣಿಗೆ ಕಂಡ ಹಸಿವು, ಕಾಣದ ಹಸಿವು

1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ನರಳಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರ ಮುಗಿಯುತ್ತಿದ್ದಂತೆ, 1880ರಲ್ಲಿ, ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು. ಗಣಿಯಿಂದ ಮೇಲೆ ಬಂದ ಚಿನ್ನಕ್ಕೆ ಗುಲಗಂಜಿ ತೂಕದಷ್ಟೂ ಲೆಕ್ಕ ಇತ್ತು. ಮಕ್ಕಳ ತೂಕ ಬರೆದಿಡುವ ಪದ್ಧತಿ ಮಾತ್ರ ಎಲ್ಲ ಹಳ್ಳಿಗಳಿಗೂ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಬರದಲ್ಲಿ ಹಸಿವು ಎಲ್ಲರಿಗೂ ಕಾಣುತ್ತದೆ. ಬರ ಇಲ್ಲದ ವರ್ಷ, ಒಂದು ಮನೆಯಲ್ಲಿ, ಒಂದು ಮಗುವಿಗೆ ಬರುವ ಹಸಿವು ಕಾಣುವುದಿಲ್ಲ. ಕೆಲವೊಮ್ಮೆ ಅದು ದಪ್ಪಗಾದಂತೆಯೂ ಕಾಣುತ್ತದೆ. 1930ರ ದಶಕದಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂಥ ಮಕ್ಕಳನ್ನು ನೋಡಿದರು. ಕಾಲು ಊದಿಕೊಂಡಿರುತ್ತಿತ್ತು, ಚರ್ಮ ಸುಲಿಯುತ್ತಿತ್ತು. ಅಲ್ಲಿನ ಹೆಂಗಸರು ಇದನ್ನು ‘ಕ್ವಾಶಿಯೋರ್ಕರ್’ ಅನ್ನುತ್ತಿದ್ದರು. ಇನ್ನೊಂದು ಮಗು ಹುಟ್ಟಿದಾಗ ಮೊದಲ ಮಗುವಿಗೆ ಬರುವ ಕಾಯಿಲೆ ಅನ್ನುವ ಅರ್ಥ. ಡಾಕ್ಟರ ಪುಸ್ತಕಕ್ಕಿಂತ ಮೊದಲು ಆ ಕಾಯಿಲೆಗೆ ಹೆಸರಿಟ್ಟಿದ್ದು ತಾಯಂದಿರು.

ತೋಳೇ ಯಾಕೆ?

ಮಗುವಿನ ತೂಕ ನೋಡಲು ತಕ್ಕಡಿ ಬೇಕು. ವಯಸ್ಸು ಸರಿಯಾಗಿ ಗೊತ್ತಿರಬೇಕು. ಪಟ್ಟಿ ನೋಡಿ ಲೆಕ್ಕ ಹಾಕಬೇಕು. ಆದರೆ ಒಂದರಿಂದ ಐದು ವರ್ಷದವರೆಗೆ ಮಗುವಿನ ತೋಳಿನ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ. ಊಟ ಕಡಿಮೆಯಾದರೆ ಅಥವಾ ಭೇದಿ ಹಿಡಿದರೆ ಮೊದಲು ಕರಗುವ ಮಾಂಸ, ಕೊಬ್ಬು ಅಲ್ಲೇ ಇರುತ್ತದೆ. 1966ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಡೆರಿಕ್ ಜೆಲಿಫ್ ಅವರ ಪುಸ್ತಕ ಊರಿನ ಮಟ್ಟದಲ್ಲಿ ಪೋಷಣೆ ಅಳೆಯುವ ಇಂಥ ಸುಲಭ ದಾರಿಗಳನ್ನು ವಿವರಿಸಿತು.

1967ರಿಂದ 1970ರವರೆಗೆ ನೈಜೀರಿಯಾದ ಬಯಾಫ್ರಾ ಯುದ್ಧದಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ, ಕ್ವೇಕರ್ ಪಂಥದ ಪರಿಹಾರ ತಂಡ ಒಂದು ಕೋಲಿನ ಮೇಲೆ ತೋಳಿನ ಅಳತೆ ಗುರುತು ಹಾಕಿಕೊಂಡಿತು. ಮಗುವನ್ನು ಕೋಲಿನ ಪಕ್ಕ ನಿಲ್ಲಿಸಿದರೆ, ಆ ಎತ್ತರಕ್ಕೆ ತೋಳು ಎಷ್ಟಿರಬೇಕು ಅನ್ನುವುದು ತಿಳಿಯುತ್ತಿತ್ತು. 1974ರಲ್ಲಿ ಇರಾಕ್‌ನ ಡಾ. ಶಾಕಿರ್ ಮತ್ತು ಬ್ರಿಟನ್ನಿನ ಡಾ. ಡೇವಿಡ್ ಮಾರ್ಲಿ ಮೂರು ಬಣ್ಣದ ಪಟ್ಟಿಯ ಬಗ್ಗೆ ಬರೆದರು. ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿಯೂ ಅದನ್ನು ಮಾಡಬಹುದಿತ್ತು. ಓದು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ. ಅದೇ ದೊಡ್ಡ ಬದಲಾವಣೆ.

ನಮ್ಮ ಕಡೆ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಲ್ಲಿಂದ ಅಂಗನವಾಡಿ ಎಲ್ಲ ಊರಿಗೂ ಹಬ್ಬಿತು. ಪಕ್ಕದ ತಮಿಳುನಾಡು 1980ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಮೂರು ವರ್ಷದೊಳಗಿನ ಮಕ್ಕಳನ್ನು ತಿಂಗಳು ತಿಂಗಳು ತೂಗಿ, ತೂಕ ಏರದೆ ನಿಂತ ಮಗುವಿಗೇ ಹೆಚ್ಚಿನ ಆಹಾರ ಕೊಟ್ಟು, ಆ ತೂಕದ ಗೆರೆಯನ್ನು ತಾಯಂದಿರಿಗೂ ತೋರಿಸಿತು.

2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಸಾವು ಸುದ್ದಿಯಾಯಿತು. ವಿಷಯ ಹೈಕೋರ್ಟ್‌ಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ಮಾತೃಪೂರ್ಣ ಬಂದವು. ಸುದ್ದಿ ಬರೆಯುವ ನಾವು ಒಂದು ಮಾತು ಒಪ್ಪಿಕೊಳ್ಳಬೇಕು: ಮಗು ಸತ್ತ ಮೇಲೆ ಬರೆದಷ್ಟು ದೊಡ್ಡದಾಗಿ, ಮಗು ಸೊರಗುವಾಗ ನಾವು ಬರೆಯಲಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕ ಇಲ್ಲದವರು 2015-16ರಲ್ಲಿ ಶೇ 26.1 ಇದ್ದರು. 2019-21ರಲ್ಲಿ ಅದು ಶೇ 19.5ಕ್ಕೆ ಇಳಿಯಿತು. ಇಳಿದದ್ದು ಸಂತೋಷ. ಆದರೂ ಐದು ಮಕ್ಕಳಲ್ಲಿ ಸುಮಾರು ಒಂದು ಮಗು ಅಂದರೆ ಕಡಿಮೆ ಅಲ್ಲ.

ಅಳೆಯುವುದು ಹೀಗೆ

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳನ್ನು ಸಡಿಲವಾಗಿ ಇಳಿಬಿಡಿ. ಭುಜದ ತುದಿಗೂ ಮೊಣಕೈಗೂ ನಡುವೆ ಪಟ್ಟಿ ಸುತ್ತಿ. ಬಿಗಿಯಬಾರದು, ಜೋಲಾಡಲೂಬಾರದು. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು: ಆ ದಿನವೇ ಆಸ್ಪತ್ರೆಗೆ ಹೋಗಬೇಕು. 11.5ರಿಂದ 12.5ರವರೆಗೆ ಹಳದಿ: ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಹಸಿರು. ಈ ಕೆಂಪಿನ ಗೆರೆ ಮೊದಲು 11 ಸೆಂ.ಮೀ. ಇತ್ತು. ಹೆಚ್ಚು ಮಕ್ಕಳನ್ನು ಬೇಗ ಹಿಡಿಯಲೆಂದು 2009ರಲ್ಲಿ 11.5ಕ್ಕೆ ಏರಿಸಿದರು.

ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ. ಗುಳಿ ಹಾಗೇ ಉಳಿದರೆ ಪಟ್ಟಿ ಯಾವ ಬಣ್ಣ ತೋರಿಸಿದರೂ ಆಸ್ಪತ್ರೆಗೇ ಹೋಗಬೇಕು. ಹಸಿರು ಬಂತು ಅಂತ ಅಂಗನವಾಡಿಯ ತೂಕ ತಪ್ಪಿಸಬಾರದು. ತೋಳು ಸರಿ ಕಂಡರೂ ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು ನಮ್ಮ ದೇಶದಲ್ಲಿ ಬಹಳ ಇದ್ದಾರೆ.

ಪಟ್ಟಿ ಯಾರ ಕೈಯಲ್ಲಿರಬೇಕು?

ಆಫ್ರಿಕಾದ ನೈಜರ್ ದೇಶದಲ್ಲಿ ತಾಯಂದಿರಿಗೇ ಪಟ್ಟಿ ಕೊಟ್ಟು ಕಲಿಸಿ ನೋಡಿದರು. ಆರೋಗ್ಯ ಕಾರ್ಯಕರ್ತರಷ್ಟೇ ಚೆನ್ನಾಗಿ ತಾಯಂದಿರು ಅಳೆದರು, ಖರ್ಚೂ ಕಡಿಮೆಯಾಯಿತು. ಮಗುವನ್ನು ದಿನವೂ ಎತ್ತಿಕೊಳ್ಳುವವರು ಬೇಗ ಕಂಡುಹಿಡಿಯುತ್ತಾರೆ, ಅಷ್ಟೇ.

2001ರ ಫೆಬ್ರವರಿ 28ರಂದು ನಮ್ಮ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಎಷ್ಟೋ ಜನ. ತಾಯಿ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವ ಮನೆಯಲ್ಲಿ ಮಗು ಅಜ್ಜಿಯ ಕೈಯಲ್ಲಿ ಬೆಳೆಯುತ್ತದೆ. ಹಾಗಾಗಿ ತರಬೇತಿ ಕಾರ್ಯಕರ್ತೆಗೆ ಮಾತ್ರ ಸಾಲದು, ಅಜ್ಜಿಗೂ ಬೇಕು. ಗಣಿ ಸಾಲುಮನೆಗಳಲ್ಲಿ ತಮಿಳಿನಲ್ಲಿ, ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲಿ ಹೇಳಬೇಕು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಸಾಕು.

ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರ ಇರಬೇಕಾಗಬಹುದು. ಕೂಲಿ ಹೋಗುತ್ತದೆ ಅಂತ ಹಿಂಜರಿಯಬೇಡಿ. ಜೊತೆಗಿರುವ ತಾಯಿಗೆ ಕೂಲಿ ಪರಿಹಾರ ಕೊಡುವ ನಿಯಮ ಇದೆ, ಕೇಳಿ ಪಡೆಯಿರಿ.

ಮುಂದಿನ ಸಲ ಅಜ್ಜಿ ‘ಮಗು ಇಳಿದುಹೋಗಿದೆ’ ಅಂದರೆ ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಅವತ್ತೇ ಅಂಗನವಾಡಿಗೆ ಹೋಗಿ ತೋಳನ್ನೂ ಅಳೆಸಿ.